ಹಲಸೂರು ಕೆರೆಯಲ್ಲಿ ಗಂಡನ ಹೆಸರು

ಕಳೆದ ಭಾನುವಾರ ಬೆಳಿಗ್ಗೆ ಏಳೂವರೆಗೆ ನನ್ನ ಗಂಡ ಹಲಸೂರು ಕೆರೆಗೆ ಬಿದ್ದರು. ನಾನು ಎರಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದೆ.

ಗಾಬರಿಯಾಗಬೇಡಿ, ಈಗ ಚೆನ್ನಾಗಿದ್ದಾರೆ. (ಇದನ್ನು ಬರೆಯುವಾಗ ಪಕ್ಕದ ರೂಮಿನಲ್ಲಿ ಸೀನುತ್ತಿದ್ದಾರೆ.) ಚೆನ್ನಾಗಿಲ್ಲದಿರುವುದು ನಾನು. ಶಾಕ್ ಇನ್ನೂ ಇಳಿದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯವರು ವಿಮಾನಪುರದ ಕಾರ್ಖಾನೆಯಲ್ಲಿ ಡ್ರಾಯಿಂಗ್ ಸೆಕ್ಷನ್‌ನಲ್ಲಿದ್ದಾರೆ. ಇಪ್ಪತ್ತು ವರ್ಷ ವಿಮಾನದ ರೆಕ್ಕೆಗಳ ನಕ್ಷೆ ಬರೆದ ಮನುಷ್ಯನಿಗೆ ಇದ್ದಕ್ಕಿದ್ದಂತೆ ನೀರಿನ ಹುಚ್ಚು ಹಿಡಿಯಿತು. ಹಲಸೂರು ಕೆರೆಯಲ್ಲಿ ಬೋಟಿಂಗ್ ಕೋರ್ಸ್ ಇದೆಯಂತೆ, ಎಂಟು ಭಾನುವಾರ, ಇಬ್ಬರೂ ಸೇರೋಣ ಎಂದರು. ಈಜು ಬರುತ್ತದೆಯೇ? ಇಬ್ಬರಿಗೂ ಇಲ್ಲ.

"ಈಜೋಕಲ್ಲ ಕಣೇ ಹೋಗ್ತಿರೋದು, ಬೋಟ್ ಓಡಿಸೋಕೆ" ಎಂದರು. ಇಬ್ಬರ ಫೀಸನ್ನೂ ಕಟ್ಟಿ ಬಂದೆವು.

ಕಲಿಸುವವರು ಖಾದರ್ ಮಾಸ್ಟರ್. ಶಿವಾಜಿನಗರದವರು, ಸೈನ್ಯದಲ್ಲಿ ದೋಣಿ ನಡೆಸಿ ರಿಟೈರ್ ಆದವರು. ಮೂರು ವಾರ ನಮ್ಮನ್ನು ದಡದ ಶೆಡ್ಡಿನಲ್ಲೇ ಕೂರಿಸಿ ಹಗ್ಗದ ಗಂಟು, ಗಾಳಿಯ ದಿಕ್ಕು, ಕಂಪಾಸ್ ಅಂತ ಪಾಠ ಮಾಡಿದರು. ಹಲಸೂರಿನಿಂದ ಹೊರಟು ಹಲಸೂರಿಗೇ ಬರುವುದಕ್ಕೆ ಕಂಪಾಸ್ ಯಾಕೆ, ಎದುರಿಗೇ ಗುರುದ್ವಾರದ ಗುಮ್ಮಟ ಕಾಣುತ್ತದಲ್ಲ ಎಂದು ಕೇಳಿದೆ. "ಮಂಜು ಬಿದ್ರೆ ಗುಮ್ಮಟ ಎಲ್ಲಿರ್ತದೆ ಮೇಡಂ?" ಎಂದರು. ನಮ್ಮ ಮನೆಯವರು ಮಾತ್ರ ಗಂಟಿಗೂ ಫಸ್ಟ್, ಕಂಪಾಸಿಗೂ ಫಸ್ಟ್.

ಆಮೇಲೆ ಶುರುವಾಯಿತು ಬಿದ್ದವರನ್ನು ಎತ್ತುವ ಪಾಠ. ಪ್ರಾಕ್ಟೀಸಿಗೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಅನ್ನು ನೀರಿಗೆ ಎಸೆಯುತ್ತಾರೆ. ಮೊದಲು ಕಂಡವರು ಕೈ ಚಾಚಿ ಅದರ ಕಡೆ ಬೆರಳು ತೋರಿಸುತ್ತಲೇ ಇರಬೇಕು. ರೆಪ್ಪೆ ಬಡಿದರೂ ಸರಿ, ಕಣ್ಣು ಕೀಳುವಂತಿಲ್ಲ. "ಡ್ರಮ್! ಡ್ರಮ್!" ಎಂದು ಕೂಗಬೇಕು. ಇನ್ನೊಬ್ಬರು ಹುಟ್ಟು ಹಾಕಿ ದೋಣಿಯನ್ನು ಅತ್ತ ಒಯ್ಯಬೇಕು.

"ನಿಜವಾಗ್ಲೂ ಮನುಷ್ಯ ಬಿದ್ರೆ ಡ್ರಮ್ ಅನ್ಬೇಡಿ" ಎಂದಿದ್ದರು ಮಾಸ್ಟರ್. "ಹೆಸ್ರು ಹಿಡಿದು ಕೂಗಿ. ಹೆಸ್ರು ಕೇಳಿದ್ರೆ ನಾನು ಮೋಟಾರ್ ಬೋಟ್ ಓಡಿಸ್ಕೊಂಡು ಬರ್ತೀನಿ. ಬಿದ್ದೋರಿಗೂ ದೋಣಿ ಯಾವ ಕಡೆ ಅಂತ ಗೊತ್ತಾಗ್ತದೆ." ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಬೇರೆ ಎಳೆದೆ!

ಕಳೆದ ಭಾನುವಾರ ಮಾಸ್ಟರ್ ಹೇಳಿದ್ದ ಆ ಮಂಜು ಬಿದ್ದೇಬಿಟ್ಟಿತ್ತು. ನಮ್ಮ ದೋಣಿಯಲ್ಲಿ ಮೂರು ಜನ. ಹುಟ್ಟು ಹಾಕಲು ನಮ್ಮ ಮನೆಯವರು, ಹಿಂದೆ ನಾನು, ಮುಂದಿನ ತುದಿಯಲ್ಲಿ ಡ್ರಮ್ ಹುಡುಕುತ್ತಾ ಸ್ಟೆಲ್ಲಾ. ಈಕೆ ನಮ್ಮ ಜೊತೆಗೇ ಕಲಿಯಲು ಬಂದ ಕಮ್ಮನಹಳ್ಳಿಯ ಸ್ಕೂಲ್ ಟೀಚರ್. ಮಾಸ್ಟರ್ ಮೋಟಾರ್ ಬೋಟಿನಲ್ಲಿ ಅಷ್ಟು ದೂರದಲ್ಲಿದ್ದರು. ಮಂಜಿನಲ್ಲಿ ಅವರು ನಮಗೆ ಕಾಣುತ್ತಿರಲಿಲ್ಲ, ನಾವು ಅವರಿಗೆ ಕಾಣುತ್ತಿರಲಿಲ್ಲ.

ಡಿಸೆಂಬರ್ ಚಳಿಗೆ ಬೆಂಗಳೂರಿನ ಗಂಡಸು ಏನು ಹಾಕಿಕೊಂಡು ಮನೆಯಿಂದ ಹೊರಡುತ್ತಾನೆ? ಸ್ವೆಟರ್. ಅದೂ ನಾನೇ ಹೆಣೆದದ್ದು, ದಪ್ಪ ನೀಲಿ ಉಣ್ಣೆಯದು, ಕುತ್ತಿಗೆ ಸ್ವಲ್ಪ ಬಿಗಿ. ಅದರ ಮೇಲೆ ಲೈಫ್ ಜಾಕೆಟ್. ಹತ್ತು ನಿಮಿಷ ಹುಟ್ಟು ಹಾಕಿದ್ದಕ್ಕೆ ಇವರಿಗೆ ಬೆವರು ಬಂತು. ಲೈಫ್ ಜಾಕೆಟ್ ಬಿಚ್ಚಿ ಪಕ್ಕಕ್ಕಿಟ್ಟರು. ಸ್ವೆಟರ್ ತೆಗೆಯಲು ಎದ್ದು ನಿಂತರು. ದೋಣಿಯಲ್ಲಿ ಎದ್ದು ನಿಲ್ಲಬಾರದು ಎಂಬುದು ಮೊದಲನೇ ದಿನದ ಮೊದಲನೇ ಪಾಠ. ಅದರಲ್ಲೂ ಇವರೇ ಫಸ್ಟ್ ಬಂದಿದ್ದರು.

ಸ್ವೆಟರ್ ಮುಖದವರೆಗೆ ಬಂದು ಸಿಕ್ಕಿಕೊಂಡಿತು. ಎರಡು ಕೈಯೂ ಮೇಲೆ, ತಲೆ ಉಣ್ಣೆಯ ಒಳಗೆ. ದೋಣಿ ವಾಲಿತು. ದುಡುಂ ಎಂದು ಸದ್ದಾಯಿತು.

ನಾನು ಕೂಗಿದೆ. ಖಂಡಿತ ಕೂಗಿದೆ. ಏನಂತ?

"ರೀ! ರೀ! ಅಯ್ಯೋ, ರೀ!"

ಮಂಜಿನ ಆ ಕಡೆಯಿಂದ ಮಾಸ್ಟರ್ ದನಿ ಬಂತು. "ಜಗಳ ಆಮೇಲೆ ಮಾಡಿ ಮೇಡಂ! ಮೊದ್ಲು ಡ್ರಮ್ ಎತ್ಕೊಳಿ!"

ಅವರ ತಪ್ಪೇನಿದೆ ಹೇಳಿ? ನಾಲ್ಕು ವಾರದಿಂದ ಆ ಕೆರೆಯ ಮೇಲೆ ನಾನು "ರೀ, ಈ ಕಡೆ ತಿರುಗ್ಸಿ", "ರೀ, ಮೆಲ್ಲಗೆ" ಎನ್ನುತ್ತಲೇ ಇದ್ದೆ. ಇದೂ ಹಾಗೇ ಎಂದುಕೊಂಡರು. ನಾನು ಮತ್ತೆ "ರೀ" ಎಂದೆ. ನೀಲಿ ಉಣ್ಣೆ ಒಮ್ಮೆ ಮೇಲೆ ಬಂತು, ಒಮ್ಮೆ ಮುಳುಗಿತು. ಹೆಸರು ಕೂಗಬೇಕು ಎಂದು ನನಗೆ ಗೊತ್ತಿತ್ತು. ಗೆರೆ ಎಳೆದ ಸಾಲು ಕಣ್ಣಿಗೆ ಕಟ್ಟಿದ ಹಾಗಿತ್ತು. ಬಾಯಿ ತೆರೆದೆ. ಹೆಸರು ಬರಲಿಲ್ಲ. ಬೆರಳು ತೋರಿಸಬೇಕಾದ ಕೈ ತಾಳಿಯನ್ನು ಹಿಡಿದುಕೊಂಡು ಕೂತಿತ್ತು.

ಅಷ್ಟರಲ್ಲಿ ಸ್ಟೆಲ್ಲಾ ತಿರುಗಿ ನೋಡಿದಳು. ಕೈ ನೇರ ಚಾಚಿದಳು. ಎದೆ ಬಿರಿಯುವ ಹಾಗೆ ಕೂಗಿದಳು. "ನಾಗರಾಜ್! ನಾಗರಾಜ್! ನಾಗರಾಜ್!"

ತಕ್ಷಣ ಮೋಟಾರ್ ಗುರ್ರ್ ಎಂದಿತು.

ಆ ಕ್ಷಣದಲ್ಲಿ ನನಗೆ ಏನನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಗಂಡ ಮುಳುಗುತ್ತಿದ್ದಾರೆ, ಮತ್ತು ನನ್ನ ತಲೆಯಲ್ಲಿ ಬಂದ ಯೋಚನೆ: ಇವಳೇನು, ನಮ್ಮ ಮನೆಯವರನ್ನು ಹೀಗೆ ಬರೀ ಹೆಸರು ಹಿಡಿದು ಕರೆಯುತ್ತಾಳೆ?

ಸ್ವೆಟರಿನೊಳಗಿನ ತಲೆ ದನಿ ಬಂದ ದಿಕ್ಕಿಗೆ ತಿರುಗಿತು. ಕಾಲು ಬಡಿಯುತ್ತಾ, ಬಡಿಯುತ್ತಾ ದೋಣಿಯ ಹತ್ತಿರ ಹತ್ತಿರ ಬಂತು. ಸ್ಟೆಲ್ಲಾ ಬಗ್ಗಿ ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದಳು. ಮಾಸ್ಟರ್ ಬಂದು ಕಂಕುಳಿಗೆ ಕೈ ಹಾಕಿ ಎಳೆದುಕೊಂಡರು. ನಾನು ಆಗಲೂ "ರೀ" ಎನ್ನುತ್ತಿದ್ದೆ.

ಇಷ್ಟು ವರ್ಷದಿಂದ ಈ ಅಂಕಣ ಓದುತ್ತಿದ್ದೀರಿ. ಇವರ ಹೆಸರು ನಿಮಗೆ ಇವತ್ತಿನವರೆಗೆ ಗೊತ್ತಿತ್ತೇ? ನಾನು ಹಳೆಯ ಕಟಿಂಗ್‌ಗಳನ್ನೆಲ್ಲ ತೆಗೆದು ನೋಡಿದೆ. "ನಮ್ಮ ಮನೆಯವರು", "ನಮ್ಮ ಯಜಮಾನರು", "ಇವರು". ಒಂದು ಕಡೆಯೂ ಇಲ್ಲ. ಹೆಸರು ಹೇಳಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಫಾರಂಗಳಲ್ಲಿ ಮುದ್ದಾಗಿ ಬರೆಯುತ್ತೇನೆ. ಬಾಯಲ್ಲಿ ಮಾತ್ರ, ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ, ಒಂದು ಸಲವೂ ಆಡಿರಲಿಲ್ಲ.

ರೇಷನ್ ಕಾರ್ಡ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದ್ದಕ್ಕೆ ನಮ್ಮ ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರನ್ನು ತೋರಿಸಿದ್ದರು. ಅದನ್ನು ಇದೇ ಜಾಗದಲ್ಲಿ ಬರೆದು ನಿಮ್ಮನ್ನೆಲ್ಲ ನಗಿಸಿದವಳು ನಾನು. ಹೆಣ್ಣುಮಕ್ಕಳು ಧೈರ್ಯವಾಗಿ ಮಾತಾಡಬೇಕು ಎಂದು ವಾರ ವಾರ ಉಪದೇಶ ಮಾಡುವವಳೂ ನಾನೇ. ಅತ್ತೆಯವರಾದರೂ ಆ ಹೊತ್ತಿಗೆ ಬೆರಳು ತೋರಿಸಿದ್ದರು. ನನ್ನಿಂದ ಅದೂ ಆಗಲಿಲ್ಲ.

ದಡದಲ್ಲಿ ಇವರನ್ನು ಜಮಖಾನದಲ್ಲಿ ಸುತ್ತಿ ಕೂರಿಸಿದರು. ಹಲ್ಲು ಕಟಕಟ ಎನ್ನುತ್ತಿತ್ತು. ಟೀ ಕುಡಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಏನೂ ಕಾಣ್ತಿರ್ಲಿಲ್ಲ ಕಣೇ. ಕಿವಿ ತುಂಬ ನೀರು. ಯಾರೋ ನನ್ನ ಹೆಸ್ರು ಕೂಗಿದ್ ಹಂಗಾಯ್ತು. ಹೆಂಗ್ಸಿನ ದನಿ. ನೀನೇ ಅಂತ ಗೊತ್ತಾಗೋಯ್ತು. ಪರ್ವಾಗಿಲ್ವೇ, ಕೊನೆಗೂ ಕೂಗಿದ್ಲಲ್ಲಾ ಅಂದ್ಕೊಂಡು ಆ ಕಡೆಗೇ ಕಾಲು ಬಡಿದೆ."

ಹೇಳಬೇಕಿತ್ತು. ಅಲ್ಲೇ ಹೇಳಿಬಿಡಬೇಕಿತ್ತು. ಎದುರಿಗೆ ಸ್ಟೆಲ್ಲಾ ಒದ್ದೆ ತೋಳು ಹಿಂಡಿಕೊಳ್ಳುತ್ತಾ ನಿಂತಿದ್ದಳು. ನನ್ನ ಮುಖ ನೋಡಿದಳು. ಟೀ ಲೋಟಗಳನ್ನು ಎತ್ತಿಕೊಂಡು ಹೊರಟುಹೋದಳು.

ನಾನು "ಹೂಂ" ಎಂದೆ.

ಒಂದು ವಾರದಿಂದ ಇವರು ಸಿಕ್ಕವರಿಗೆಲ್ಲ ಇದೇ ಕಥೆ ಹೇಳುತ್ತಿದ್ದಾರೆ. ಫ್ಯಾಕ್ಟರಿಯ ಸ್ನೇಹಿತರಿಗೆ, ಫೋನಿನಲ್ಲಿ ತಂಗಿಗೆ, ಹಾಲಿನವರಿಗೆ. "ನಮ್ಮನೆಯವಳು ಹೆಸ್ರು ಕೂಗಿದ್ಲು, ಬದುಕ್ಕೊಂಡೆ." ಹೇಳುವಾಗ ಮುಖ ಅರಳುತ್ತದೆ. ನೀರಿನಿಂದ ಎದ್ದು ಬಂದ ಸಂತೋಷಕ್ಕಿಂತ ಹೆಸರು ಕೂಗಿಸಿಕೊಂಡ ಸಂತೋಷವೇ ಹೆಚ್ಚೇನೋ ಎನ್ನಿಸುತ್ತದೆ. ನಾನು ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋಗುತ್ತೇನೆ. ಮೂರು ಸಲ ನಿಜ ಹೇಳಲು ಹೋದೆ. ಆಗಲೂ ಬಾಯಿ ತೆರೆಯಿತು, ಮಾತು ಬರಲಿಲ್ಲ.

ಬರೆಯುವುದು ನನಗೆ ಬರುತ್ತದೆ. ಮನೆಗೆ ಪೇಪರ್ ಬಂದ ಕೂಡಲೇ ಈ ಅಂಕಣವನ್ನು ಎಲ್ಲರಿಗಿಂತ ಮೊದಲು ಓದುವವರು ಇವರೇ.

ರೀ, ಅವತ್ತು ಕೂಗಿದ್ದು ನಾನಲ್ಲ.