ಗೌಡರ ವಾಡೆಗೆ ನಮ್ಮ ಹೊಲದ ಮಣ್ಣು

ಇವತ್ತು ನಮ್ಮ ಮಣ್ಣಿಗೂ ಬೆಲೆ ಬಂತು ನೋಡಿ, ಗೆಳೆಯರೇ. ಬೆಳಿಗ್ಗೆ ನಾನೂ ಅವ್ವನೂ ಹೊಲದಲ್ಲಿ ಜೋಳದ ಕೂಳೆ ಆರಿಸುತ್ತಿದ್ದೆವು. ಊರ ಗೌಡರು ಟ್ರ್ಯಾಕ್ಟರ್ ತಂದು ಬದುವಿಗೆ ನಿಲ್ಲಿಸಿದರು. ಮಳೆಗೆ ಮುಂಚೆ ಅವರ ವಾಡೆಯ, ಅಂದರೆ ಹಿರಿಯರ ಕಾಲದ ದೊಡ್ಡ ಮನೆಯ, ಮಣ್ಣಿನ ಚಾವಣಿಗೆ ಹೊಸ ಮಣ್ಣು ಹಾಕಬೇಕು. ನೀರು ಸೋರಗೊಡದ ಬಿಳಿಮಣ್ಣು ಇರುವುದು ನಮ್ಮ ಹೊಲದಲ್ಲಿ.

ಗೌಡರು ಕೆಳಗಿಳಿಯಲೂ ಇಲ್ಲ. "ಶಾಂತವ್ವ, ನಾಕ್ ಟ್ರಾಲಿ ತುಂಬಿಕೊಂಡು ಹೋಗ್ತೇವಿ. ವಾಡೆ ಅಂದ್ರ ಊರಿನ ಆಸ್ತಿ, ಎಲ್ಲಾರೂ ಕೂಡಿ ಉಳಸಬೇಕು" ಎಂದರು.

ನಾನು ಹುಟ್ಟಿದಾಗಿನಿಂದ ಆ ವಾಡೆಯ ಅಂಗಳ ತುಳಿದಿಲ್ಲ.

ಅವ್ವ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರಿಂದ ನನ್ನತ್ತ ತೋರಿಸಿದಳು. "ಊರಿನ ಆಸ್ತಿ ಅಂದ್ರ ಛಲೋ ಆತ್ರಿ. ಬರೋ ತಿಂಗಳ ಈಕಿ ಮದಿವಿ ಐತಿ. ನಿಮ್ಮ ಅಂಗಳದಾಗ ಹಂದರ ಹಾಕ್ತೇನಿ."

"ಹಂಗ ಆಗೂದಿಲ್ಲವ್ವ. ಆಲಮಟ್ಟಿಗೆ ಬರೋ ಪ್ರವಾಸಿಗಳಿಗೆ ಬಾಡಗಿ ಕೊಡಾಕತ್ತೇವಿ. ಮೊದಲ ಬುಕಿಂಗ್ ಮಾಡಬೇಕು."

"ಮಣ್ಣು ಹೊರಾಕ ಊರಿಂದು, ಬಾಡಗಿ ಎಣಸಾಕ ನಿಮ್ಮದೇನ್ರಿ? ಟ್ರ್ಯಾಕ್ಟರ್ ತಿರುಗಿಸ್ರಿ!"

ಖಾಲಿ ಟ್ರಾಲಿ ಗಡಗಡ ಎನ್ನುತ್ತ ಹೋಯಿತು.

ಮದುವೆ ನಮ್ಮ ಮನೆಯ ಮುಂದೆಯೇ. ಎಲ್ಲರೂ ಬನ್ನಿ, ಗೌಡರೂ ಬರಲಿ. ನಮ್ಮ ಅಂಗಳಕ್ಕೆ ಬುಕಿಂಗ್ ಬೇಕಿಲ್ಲ.