ಬಸ್ಸು ಬಂದರೆ ಖಾಲಿಯಾಗುವ ಬೆಂಚು

ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಿನಸಿ ಅಂಗಡಿಯವನು ವ್ಯಾನಿನಿಂದ ಕೊತ್ತಂಬರಿ ಸೊಪ್ಪು ಇಳಿಸಿಕೊಳ್ಳುತ್ತಿದ್ದಾನೆ. ಎದುರಿನ ಬಸ್ ಸ್ಟಾಪಿನ ಪಕ್ಕ ಕಿವಿ ಮುಚ್ಚುವಂತೆ ಟೋಪಿ ಎಳೆದುಕೊಂಡು ರುದ್ರಾಣಿ ನಿಂತಿದ್ದಾರೆ. ಬಸ್ಸು ಬರುತ್ತದೆ, ಹೋಗುತ್ತದೆ, ಅವರು ಹತ್ತುವುದಿಲ್ಲ. ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ನೋಡುವುದೇ ಅವರ ಕೆಲಸ.

ಗದಗಿನ ರುದ್ರಾಣಿ ನಗರ ಅಧ್ಯಯನ ಓದಲು ನ್ಯೂಜಿಲೆಂಡಿನ ಈ ಆಕ್ಲೆಂಡಿಗೆ ಬಂದವರು. ಈಗ ಅದೇ ವಿಷಯ ಓದುವ ಕಾಲೇಜು ಮಕ್ಕಳನ್ನು ಬೀದಿಗೆ ಕರೆತಂದು ನೋಡುವುದನ್ನು ಕಲಿಸುತ್ತಾರೆ. ಹೀಗೆ ನೋಡಿ ಬರೆದದ್ದು ವರದಿಯಾಗಿ ನಗರಸಭೆಗೆ ಹೋಗುತ್ತದೆ. ಅದರ ಮೇಲೆ ಪ್ರಾಧ್ಯಾಪಕರ ಹೆಸರಿರುತ್ತದೆ, ಚಳಿಯಲ್ಲಿ ನಿಂತವರದು ಇರುವುದಿಲ್ಲ. ಕೆಲಸವೂ ಒಂದೊಂದು ಸೆಮಿಸ್ಟರಿನ ಮಟ್ಟಿಗೆ ಮಾತ್ರ. "ಮಂದಿ ನೋಡಾಕ ಪಗಾರ ಕೊಡ್ತಾರೇನ ಅಂತ ನಮ್ಮವ್ವ ಇನ್ನೂ ಕೇಳ್ತಾಳ್ರಿ," ಎಂದು ನಗುತ್ತಾರೆ.

ಕಳೆದ ಚಳಿಗಾಲದಲ್ಲಿ ಈ ಸ್ಟಾಪಿನ ಬೆಂಚು ತೆಗೆಯುವ ಮಾತು ಬಂದಿತ್ತು. ಪ್ರತಿ ಬಸ್ಸು ಬಂದಾಗಲೂ ವಿದ್ಯಾರ್ಥಿಗಳು ನೋಡಿದ್ದರು, ಬೆಂಚು ಖಾಲಿ. ಯಾರೂ ಕೂರದ ಬೆಂಚು ಯಾಕೆ? ರುದ್ರಾಣಿಯೂ ಹೂಂ ಅಂದಿದ್ದರು.

ಆಮೇಲೊಂದು ದಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ನಿಜ ಸಂಗತಿ ಕಣ್ಣಿಗೆ ಬಿತ್ತು. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಮಲ್ಲವ್ವ ಎಂಬ ಅಜ್ಜಿ ಮತ್ತವರ ಗೆಳತಿಯರು ಬೆಂಚಿನ ತುಂಬ ಕೂತು ಹರಟುತ್ತಿದ್ದರು. ದೂರದಲ್ಲಿ ಬಸ್ಸು ಕಂಡಿದ್ದೇ ತಡ, ಎಲ್ಲರೂ ಎದ್ದು ಹಿಂದಕ್ಕೆ ಸರಿದರು. ಬಸ್ಸು ಹೋಯಿತು, ಮತ್ತೆ ಬಂದು ಕೂತರು.

"ನಾವು ಕುಂತಿದ್ರ ಡ್ರೈವರ್ ಪಾಪ ನಿಂದರಸ್ತಾನವಾ," ಎಂದರಂತೆ ಮಲ್ಲವ್ವ, ಯಾಕೆ ಏಳುತ್ತೀರಿ ಎಂದು ರುದ್ರಾಣಿ ಹೋಗಿ ಕೇಳಿದ್ದಕ್ಕೆ. "ಹತ್ತೂದಿಲ್ಲ ಇಳಿಯೂದಿಲ್ಲ, ಅವಂಗ್ಯಾಕ ಸುಮ್ಮನ ತ್ರಾಸು?"

"ಆಂಟಿ, ಒಂದೆರಡು ದಿನ ಏಳಬ್ಯಾಡ್ರಿ, ಬೆಂಚ್ ಉಳೀತೈತಿ," ಎಂದು ರುದ್ರಾಣಿ ಅಂಗಲಾಚಿದರು. ಮುದುಕಿ ಜಪ್ಪಯ್ಯ ಅನ್ನಲಿಲ್ಲ. "ನಮ್ಮ ಕುಂಡಿ ಸಲುವಾಗಿ ಬಸ್ಸಿನಾಗಿನ ಮಂದಿನ್ನ ತಡ ಮಾಡೂದೇನ? ಹೋದ್ರ ಹೋಗಲಿ ಬಿಡು."

ಹೋಗಲಿ ಎಂದು ಬಿಡಲು ರುದ್ರಾಣಿಗೆ ಆಗಲಿಲ್ಲ. ಆ ಹೆಂಗಸರಿಗೆ ಮನೆಯಾಚೆ ಕನ್ನಡದಲ್ಲಿ ಮಾತಾಡಲು ಇದ್ದ ಜಾಗ ಅದೊಂದೇ. ಮುಗಿದ ಕೆಲಸ ಮತ್ತೆ ಯಾಕೆ ಎಂದು ಪ್ರಾಧ್ಯಾಪಕರು ಗೊಣಗಿದರು. ಇವರು ತಾವೇ ಬಂದು ನಿಂತು, ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವಿನ ಹೊತ್ತಿನಲ್ಲಿ ಬೆಂಚಿನ ಮೇಲೆ ಯಾರು ಕೂರುತ್ತಾರೆಂದು ನೋಡಿ ಬರೆದರು. ಬೆಂಚು ಉಳಿಯಿತು.

ಹೊತ್ತೇರಿದೆ. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಇಂದೂ ಮಲ್ಲವ್ವ ಬಂದಿದ್ದಾರೆ. ಬೆಳಗಿನ ಕೆಲಸ ಮುಗಿಸಿದ ರುದ್ರಾಣಿ ಅವರ ಪಕ್ಕ ಕೂತು ಕಾಲೇಜಿನ ಬಸ್ಸು ಕಾಯುತ್ತಿದ್ದಾರೆ. ತಿರುವಿನಲ್ಲಿ ಬಸ್ಸು ಕಾಣಿಸುತ್ತದೆ. ಹೆಂಗಸರು ಎದ್ದು ಹಿಂದೆ ಸರಿಯುತ್ತಾರೆ. ಮಾತಿನ ಭರದಲ್ಲಿ ರುದ್ರಾಣಿಯೂ ಸರಿಯುತ್ತಾರೆ. ಬಸ್ಸು ನಿಲ್ಲದೆ ಹೋಗಿಬಿಡುತ್ತದೆ.

"ಏ ಹುಡುಗಿ, ಅದು ನಿನ್ನ ಬಸ್ಸಲ್ಲೇನ?"

"ಹೋಗಲಿ ಬಿಡ್ರಿ ಆಂಟಿ. ಬೆಂಚ್ ಐತಲ್ಲ, ಕುಂದ್ರೂಣು."