ಮುಳ್ಳು ಕಟ್ಟಿದ ಕೋಣೆಯ ಹಸಿರು ದೀಪ

ನನ್ನ ಸೊಸೆ ಸಂಜೆ ಹೊತ್ತು ಫೋನಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಎಲ್ಲೆಲ್ಲಿಯ ಊರಿನ ಮಕ್ಕಳೋ ಏನೋ. ಆ ಕೆಲಸ ಸಿಕ್ಕಿ ತಿಂಗಳೂ ಆಗಿರಲಿಲ್ಲ, ಮಾತು ಅರ್ಧದಲ್ಲಿರುವಾಗಲೇ ಪಾಠ ನಿಂತುಬಿಡತೊಡಗಿತು. ಇಂಟರ್ನೆಟ್ ಬಾರದು, ಬಂದರೂ ಕುಂಟುತ್ತ ಬರುವುದು. ಇನ್ನೊಂದು ಸಲ ಪಾಠ ನಿಂತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕೆಲಸ ಕೊಟ್ಟವರು ಹೇಳಿದರು. ಬಿ.ಎಡ್ ಓದಿ ಒಂಬತ್ತು ವರ್ಷ ರೊಟ್ಟಿ ಬಡಿದವಳು ಅವಳು. ಅಳಲಿಲ್ಲ. ಫೋನು ಹಿಡಿದು ಪಡಸಾಲೆ, ಅಡುಗೆಮನೆ, ಹಿತ್ತಲು, ಮಾಳಿಗೆ ಎಲ್ಲ ತಿರುಗಿದಳು. ಮುಚ್ಚಿದ ಕೋಣೆಯ ಬಾಗಿಲ ಹತ್ತಿರ ಮಾತ್ರ ಒಂದಿಷ್ಟು ಬರುತ್ತಿತ್ತು. ಅಲ್ಲಿ ಕೂರಲು ಅವಳಿಗೆ ಮನಸ್ಸಿಲ್ಲ. ಯಾರಿಗೆ ಇದ್ದೀತು?

ನಮ್ಮ ಯಜಮಾನರು ಸತ್ತದ್ದು ಆ ಕೋಣೆಯಲ್ಲಿ. ನಾಲ್ಕು ತಿಂಗಳಾಗಿತ್ತು. ಸತ್ತ ಗಳಿಗೆಯ ನಕ್ಷತ್ರ ಸರಿಯಿಲ್ಲ ಎಂದು ಪಂಚಾಂಗ ನೋಡಿದವರು ಹೇಳಿದರು. ಹಾಗಾದರೆ ನಮ್ಮ ಕೊಟ್ಟೂರು ಕಡೆ ಮನೆಯನ್ನೇ ಬಿಡುವವರಿದ್ದಾರೆ. ನಾವು ಅದೊಂದು ಕೋಣೆಯನ್ನು ಆರು ತಿಂಗಳ ಮಟ್ಟಿಗೆ ಮುಚ್ಚಿ, ಬಾಗಿಲಿಗೆ ಅಡ್ಡ ಜಾಲಿಮುಳ್ಳಿನ ಕೊಂಬೆ ಕಟ್ಟಿದೆವು. ಇಂಟರ್ನೆಟ್ಟಿನ ಪೆಟ್ಟಿಗೆ ಒಳಗೇ ಉಳಿಯಿತು. ಸಾವಿನ ಮನೆಯಲ್ಲಿ ಅದನ್ನು ಯಾರು ನೆನಪಿಡುತ್ತಾರೆ. ಆಮೇಲೆ ನೆನಪಾದರೂ ಮುಳ್ಳು ಬಿಚ್ಚುವ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಎತ್ತದಿದ್ದುದು ನಕ್ಷತ್ರಕ್ಕೆ ಹೆದರಿ ಅಲ್ಲ. ಪಂಚಾಂಗ ನನಗೆ ಅನುಕೂಲವಾಯಿತು, ಅಷ್ಟೆ.

ಅವರು ಸತ್ತ ದಿನ ಇಳಿಹೊತ್ತಿನಲ್ಲಿ ನಾನು ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದೆ. ಒಳಗಿನಿಂದ ಕೂಗಿದರು: "ಲೇ, ಬಾ ಇಲ್ಲಿ. ನೆಟ್ ಬರವಲ್ದು."

ದಿನಕ್ಕೆ ಹತ್ತು ಸಲ ಕೂಗುವ ಮನುಷ್ಯ. ಕನ್ನಡಕ ಎಲ್ಲಿ, ನೀರು ಕಾದೈತೇನು, ಇಂಥವೇ. ಕೂತಲ್ಲಿಂದಲೇ, "ಪೆಟ್ಟಿಗಿ ಒಂದ್ಸಲ ಆರಿಸಿ ಹಾಕ್ರಿ," ಎಂದೆ.

"ಬಾ ಅಂದ್ರ ಬಾರಲೇ."

"ಕೈಕಾಲು ಅದಾವಲ್ಲ, ಎದ್ದು ನೀವ ಆರಿಸ್ರಿ. ನಾನೇನು ಅದನ್ನ ಓದೀನಿ?"

ಮೂರನೆಯ ಸಲ ಕೂಗಲಿಲ್ಲ. ಬುಟ್ಟಿ ತುಂಬಿದ ಮೇಲೆ ಒಳಗೆ ಹೋದೆ. ನೆಲದ ಮೇಲೆ ಬಿದ್ದಿದ್ದರು, ಜೀವ ಇರಲಿಲ್ಲ. ಮಂಚ ಯಾಕೆ ಇಳಿದಿದ್ದರು ಎಂದು ಎಲ್ಲರೂ ಕೇಳಿದರು. ನೀರಿಗೆ ಎದ್ದಿರಬೇಕು ಎಂದೆ. ಕೂಗಿದ್ದನ್ನು ಹೇಳಲಿಲ್ಲ. ನೆಟ್ಟಿಗೆ ಕರೆದರೋ ಎದೆನೋವಿಗೆ ಕರೆದರೋ, ಇವತ್ತಿಗೂ ಗೊತ್ತಿಲ್ಲ.

ಕೋಣೆ ಮುಚ್ಚಿದ ಮೇಲೆ, ಮಬ್ಬಾದರೆ ಬಾಗಿಲ ಅಡಿಯ ಸಂದಿಯಲ್ಲಿ ಹಸಿರು ಬೆಳಕು ಮಿಣುಕುತ್ತಿತ್ತು. ಪೆಟ್ಟಿಗೆಯದೇ ಎಂದು ನನಗೆ ಗೊತ್ತು. ಆದರೆ ಪೆಟ್ಟಿಗೆ ಇದ್ದದ್ದು ಗೋಡೆಯ ಎತ್ತರದ ಗೂಡಿನಲ್ಲಿ. ಬೆಳಕು ನೆಲದ ಮಟ್ಟದಿಂದ ಬರುತ್ತಿತ್ತು. ಅದೇಕೆ ಎಂದು ಯೋಚಿಸಲು ಹೋಗಲಿಲ್ಲ. ಚಾಪೆಯನ್ನು ಅಡುಗೆಮನೆಗೆ ಒಯ್ದು ಮಲಗತೊಡಗಿದೆ.

ಸೊಸೆ ಕರೆಸಿದ ಇಂಟರ್ನೆಟ್ ಲೈನಿನವನು ತೆಲಿಗಿ ಕಡೆಯವನು, ನರೆಗೂದಲ ಮನುಷ್ಯ. ಕಂಬದ ಹತ್ತಿರ ನೋಡಿ ಬಂದು, "ಅಲ್ಲಿ ಸ್ಪೀಡು ಭರ್ತಿ ಐತ್ರಿ. ನಿಮ್ಮ ಮನಿಯೊಳಗ ಬಂದು ಸಾಯ್ತೈತಿ," ಎಂದ. "ಪೆಟ್ಟಿಗಿ ಎಲ್ಲೈತ್ರಿ?"

ಸೊಸೆ ಮುಳ್ಳಿನ ಕಡೆ ಕೈ ಮಾಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ತಪ್ಪು ತಿಳೀಬ್ಯಾಡ್ರಿ ಅಮ್ಮ. ನಾನು ಒಳಗ ಬರಂಗಿಲ್ಲ. ಮಕ್ಕಳು-ಮರಿ ಇದ್ದಾಂವ."

"ನಿನಗ ಮಕ್ಕಳು, ನನಗೇನು ಕೋಳಿಮರಿ ಅದಾವೇನಪಾ?" ಎಂದು ಕುಡುಗೋಲು ತಂದೆ.

"ಬ್ಯಾಡ್ರಿ ಅತ್ತಿ," ಎಂದಳು ಸೊಸೆ. "ಇನ್ನೆರಡು ತಿಂಗಳು ತಡಿಯೋಣು."

"ಇವತ್ತಿನ ಪಾಠ ಎರಡು ತಿಂಗಳು ತಡಿತೈತೇನು?"

ಕಟ್ಟು ಕೊಯ್ದು ಬಾಗಿಲು ದೂಡಿದೆ. ಧೂಳು, ಎಲೆಯಡಿಕೆಯ ವಾಸನೆ. ಗೂಡಿನಲ್ಲಿ ಪೆಟ್ಟಿಗೆ ಇರಲಿಲ್ಲ. ವೈರು ಗೋಡೆಗುಂಟ ಕೆಳಗೆ ಇಳಿದಿತ್ತು. ಅದನ್ನೇ ಹಿಡಿದು ಹೋಗಿ ಕಬ್ಬಿಣದ ಟ್ರಂಕಿನ ಹಿಂದೆ ಬಗ್ಗಿ ನೋಡಿದೆ. ಪೆಟ್ಟಿಗೆ ಬೋರಲು ಬಿದ್ದು, ಮಿಣುಕುತ್ತಿತ್ತು. ಪಕ್ಕದಲ್ಲಿ ಅವರ ಕನ್ನಡಕ. ಮಣ್ಣು ಮಾಡುವ ದಿನ ಹುಡುಕಿ ಸಿಗದೆ ಬಿಟ್ಟದ್ದು.

ಹಾಗಾದರೆ ನೀರಿಗೆ ಎದ್ದಿರಲಿಲ್ಲ. ಜನ್ಮದಲ್ಲಿ ಒಂದು ಸಲ ನಾನು ಹೇಳಿದ್ದನ್ನು ಕೇಳಿದ್ದರು. ಎದ್ದು, ಕನ್ನಡಕ ಹಾಕಿಕೊಂಡು, ಗೂಡಿಗೆ ಕೈ ನೀಡಿ, ಪೆಟ್ಟಿಗೆಯ ಸಮೇತ ಬಿದ್ದಿದ್ದರು.

"ಸಿಕ್ತೇನ್ರಿ?" ಎಂದ ಹೊರಗಿನಿಂದ ಲೈನಿನವನು.

"ಟ್ರಂಕಿನ ಹಿಂದ ಬಿದ್ದೈತಿ."

"ಕಲ್ಲಿನ ಗ್ವಾಡಿ, ಕಬ್ಬಿಣದ ಟ್ರಂಕು, ಮುಚ್ಚಿದ ಬಾಗಿಲು. ಎಲ್ಲಿಂದ ಬರಬೇಕ್ರಿ ಅದು? ಮ್ಯಾಲ ಇಟ್ಟು ಒಂದ್ಸಲ ಆರಿಸಿ ಹಾಕ್ರಿ."

ಪೆಟ್ಟಿಗೆಯನ್ನು ಗೂಡಿನಲ್ಲಿ ಇಟ್ಟೆ. ಸ್ವಿಚ್ಚಿನ ಮೇಲೆ ನನ್ನ ಕೈ ನಿಂತಿತು. ಎಷ್ಟು ಹೊತ್ತೋ. "ಅತ್ತಿ?" ಎಂದಳು ಸೊಸೆ. ಆರಿಸಿ ಹಾಕಿದೆ.

ಆ ಸಂಜೆ ಪಾಠ ನಿಲ್ಲಲಿಲ್ಲ. ಕಾನಹೊಸಹಳ್ಳಿಯ ಅಂಗಡಿ ಮುಚ್ಚಿ ಬಂದ ಮಗ ಹಿತ್ತಲಲ್ಲಿ ಬಿದ್ದ ಮುಳ್ಳು ನೋಡಿ, "ಯಾರು ಬಿಚ್ಚಿದ್ದು?" ಎಂದ.

"ನಾನ. ಏನರ ಬರೋದಿದ್ರ ನನಗ ಬರ್ಲಿ ಬಿಡು."

ಕನ್ನಡಕದ ಮಾತು ಅವನಿಗೂ ಹೇಳಿಲ್ಲ. ಒರೆಸಿ, ಗೂಡಿನಲ್ಲಿ ಪೆಟ್ಟಿಗೆಯ ಹಿಂದೆ ಇಟ್ಟಿದ್ದೇನೆ. ಬಾಗಿಲು ತೆರೆದೇ ಇರುತ್ತದೆ. ಈಗಲೂ ಒಮ್ಮೊಮ್ಮೆ ಪಾಠದ ನಡುವೆ, "ಅತ್ತಿ, ನೆಟ್ ಬರವಲ್ದು," ಎಂದು ಸೊಸೆ ಕೂಗುತ್ತಾಳೆ. ಕೈಯಲ್ಲಿ ಏನಿದ್ದರೂ ಬಿಟ್ಟು ಏಳುತ್ತೇನೆ.

"ಇಷ್ಟ್ಯಾಕ ಓಡಿ ಬರ್ತೀರಿ ಅತ್ತಿ, ಬಿದ್ದುಗಿದ್ದೀರಿ," ಎಂದಳು ಮೊನ್ನೆ.

ಎರಡನೆಯ ಸಲ ಕೂಗಲು ನಾನು ಅವಳಿಗೆ ಬಿಡುವುದಿಲ್ಲ.